ಹೊಟ್ಟಿನ ಹಾಸಿಗೆ, ದೊರೆಯ ಪರದೆ

ಒಬ್ಬ ಮನುಷ್ಯನ ಅಂತಸ್ತು ತಿಳಿಯಲು ನಮ್ಮ ಜನ ಏನೇನೋ ವಿಚಾರಿಸುತ್ತಾರೆ. ಗದ್ದೆ ಎಷ್ಟಿದೆ, ಕೊಟ್ಟಿಗೆಯಲ್ಲಿ ಎತ್ತು ಎಷ್ಟಿವೆ, ಅಣ್ಣತಮ್ಮಂದಿರು ಎಷ್ಟು ಜನ. ನನ್ನನ್ನು ಕೇಳಿದರೆ ಇಷ್ಟೆಲ್ಲ ಶ್ರಮ ಬೇಡ. ಅವನ ಹಾಸಿಗೆಯನ್ನು ಒಂದು ದಿನ ಬಿಸಿಲಿಗೆ ಹಾಕಿಸಿ ಸುತ್ತ ಒಂದು ಸುತ್ತು ಬಂದರೆ ಸಾಕು. ಹಾಸಿಗೆ ಒಳಗೆ, ಬಾಗಿಲು ಮುಚ್ಚಿ ಇರುವ ತನಕ ಎಲ್ಲರೂ ಗೌರವಸ್ಥರೇ. ಬಯಲಿಗೆ ಬಂತೋ, ಯಾವ ಮೂಲೆಗೆ ತೇಪೆ ಬಿದ್ದಿದೆ, ಯಾವ ಕಡೆ ಹತ್ತಿ ಗಂಟು ಕಟ್ಟಿದೆ, ಯಾರ ಮನೆಯ ಮಗು ಇನ್ನೂ ಹಾಸಿಗೆ ಒದ್ದೆ ಮಾಡುತ್ತದೆ, ಎಲ್ಲವೂ ಊರಿಗೆ ತಿಳಿದುಹೋಗುತ್ತದೆ. ಇದನ್ನು ಹೇಳುವ ಅಧಿಕಾರ ನನಗಿದೆ, ಏಕೆಂದರೆ ಆರು ತಿಂಗಳು ಪೂರ್ತಿ ನನ್ನ ಹಾಸಿಗೆಯನ್ನು ಸೂರ್ಯನಿಂದ ಬಚ್ಚಿಟ್ಟ ಮಹಾನುಭಾವ ನಾನು. ಆ ಬಚ್ಚಿಟ್ಟಾಟದಲ್ಲಿ ಹೆಂಡತಿಯನ್ನು ಕಳೆದುಕೊಳ್ಳುವುದರಲ್ಲಿದ್ದೆ. ಈ ಕಥೆಯನ್ನು ನಗುತ್ತಾ ಹೇಳಲು ನನಗೆ ಬಹಳ ಕಾಲ ಬೇಕಾಯಿತು. ಈಗಲೂ ಪೂರ್ತಿ ನಗುತ್ತಾ ಹೇಳಲು ಬರುವುದಿಲ್ಲ.

ಕೊಡಗು ಆಗ ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿತ್ತು. ಹುದಿಕೇರಿಯಿಂದ ಮೂರು ಮೈಲಿ ಒಳಗಿದ್ದ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ಯಾವ ಕಡೆ ಕೆಲಸಕ್ಕೆ ಹೋಗಬೇಕೆಂದು ಬರೆದಿಡುವುದು, ದೊರೆ ಸಿಟ್ಟಾದರೆ ತಲೆ ತಗ್ಗಿಸುವುದು ನನ್ನ ಕೆಲಸ. ದೊರೆಯ ಬಂಗಲೆ ಗುಡ್ಡದ ಮೇಲೆ, ಆಳುಗಳು ಇರುವ ಲೈನುಗಳು ಕೆಳಗೆ, ನನ್ನ ಎರಡು ಕೋಣೆಯ ಮನೆ ಎರಡರ ನಡುವೆ. ನನ್ನ ಬುದ್ಧಿಯೂ ಅಲ್ಲೇ ನಡುವೆ ಸಿಕ್ಕಿಕೊಂಡಿತ್ತು. ಬಂಗಲೆಯವರ ಹಾಗೆ ಬದುಕಲು ಕೈಲಾಗದು, ಲೈನಿನವರ ಹಾಗೆ ಬದುಕಲು ಮನಸ್ಸೊಪ್ಪದು.

ಜಯಮ್ಮನನ್ನು ನಾನು ಮದುವೆಯಾದದ್ದು ಈ ಎಸ್ಟೇಟಿಗೆ ಬಂದ ಎರಡನೆಯ ವರ್ಷ. ಅವಳ ಮನೆಯವರು ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಹೊಲ ಮಾಡಿಕೊಂಡಿದ್ದವರು. ಬಿಸಿಲಲ್ಲಿ ಬೆಳೆದ ಜನ. ಅವಳು ಚಿಕ್ಕವಳಿದ್ದಾಗಲೇ ಅವಳ ತಾಯಿ ಕೆಮ್ಮಿ ಕೆಮ್ಮಿ ತೀರಿಕೊಂಡಿದ್ದರು. ಆ ಕಾಯಿಲೆಯ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗಾಗಿ ಹೆಣ್ಣು ಕೇಳಲು ಹೋದಾಗ ಮಾವನವರು ನನ್ನ ಸಂಬಳವನ್ನಾಗಲಿ ಜಾತಕವನ್ನಾಗಲಿ ಕೇಳಲಿಲ್ಲ. "ಅಲ್ಲಾ, ಆ ಮೋಡದೊಳಕ್ಕೆ ನನ್ನ ಕೂಸನ್ನ ಹೆಂಗಪ್ಪಾ ಕಳಿಸ್ಲಿ?" ಎಂದರು. ನಾನು ಹಿಂದೆಮುಂದೆ ನೋಡದೆ, "ಬೂರುಗದ ಹತ್ತಿ ಹಾಸಿಗೆ ಮಾಡಿಸಿದ್ದೀನಿ, ಚಳಿ ಅನ್ನೋದು ಗೊತ್ತೇ ಆಗಲ್ಲ" ಎಂದುಬಿಟ್ಟೆ. ಮಾಡಿಸಿರಲಿಲ್ಲ. ಅಲ್ಲಿಯ ತನಕ ನಾನು ಮಲಗುತ್ತಿದ್ದದ್ದು ಚಾಪೆಯ ಮೇಲೆ.

ಮದುವೆಗೆ ತಿಂಗಳಿರುವಾಗ, ಹತ್ತಿ ಹಿಂಜುವ ಬುಡನ್ ಸಾಬರು ಹೆಗಲ ಮೇಲೆ ಬಿಲ್ಲು ಹೊತ್ತುಕೊಂಡು ಎಸ್ಟೇಟಿಗೆ ಬಂದರು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಬಂದು ಲೈನಿನವರ ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ತುಂಬಿ ಹೊಲಿದುಕೊಟ್ಟು ಹೋಗುವುದು ಅವರ ಪದ್ಧತಿ. ಅವರನ್ನು ಕರೆದು ಒಂದು ಮಾತು ಹೇಳಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಆದರೆ ನನ್ನ ತಲೆಗೆ ಅಷ್ಟರಲ್ಲಿ ಒಂದು ಯೋಚನೆ ಹೊಕ್ಕಿತ್ತು. ಬಂಗಲೆಯ ಖರ್ಚಿಗೆಂದು ಕಾಫಿ ಕುಟ್ಟಿದಾಗ ಬೀಜದ ಮೇಲಿನ ಹೊಟ್ಟು ಮೂಟೆಗಟ್ಟಲೆ ಉಳಿದು ಗೋದಾಮಿನ ಮೂಲೆಯಲ್ಲಿ ಬಿದ್ದಿರುತ್ತಿತ್ತು. ಕಾಗದದಂತೆ ತೆಳು, ಹತ್ತಿಯಂತೆ ಹಗುರ. ಕಾಫಿ ಕುಡಿದರೆ ಮೈ ಬೆಚ್ಚಗಾಗುತ್ತದೆ, ಅದರ ಮೇಲೆ ಮಲಗಿದರೆ ಆಗದೇ ಇರುತ್ತದೆಯೇ ಎಂದು ತರ್ಕಿಸಿದೆ. ಹೀಗೆ ತರ್ಕಿಸಲು ಒಬ್ಬ ಕಾಫಿ ಎಸ್ಟೇಟಿನ ರೈಟರನಿಂದ ಮಾತ್ರ ಸಾಧ್ಯ. ಬುಡನ್ ಸಾಬರಿಗೆ ನನ್ನ ಯೋಚನೆ ಹೇಳಿದಾಗ ಅವರು ಗಡ್ಡ ನೀವಿಕೊಂಡು, "ರೈಟರ್ ಸಾಬ್, ನಮ್ಮ ಅಪ್ಪನ ಕಾಲದಿಂದ ಹಾಸಿಗೆ ಹೊಲೀತಾ ಇದೀವಿ, ಇದನ್ನ ಕೇಳಿಲ್ಲ" ಎಂದರು. ಅವರು ಕೇಳಿಲ್ಲ ಎಂಬುದೇ ನನಗೆ ಹೆಮ್ಮೆಯಾಯಿತು. ಮೂರು ಭಾನುವಾರ ಬಾಗಿಲು ಹಾಕಿಕೊಂಡು ನಾನೇ ಹೊಟ್ಟು ತುಂಬಿ, ಗೋಣಿದಬ್ಬಳದಿಂದ ಹೊಲಿದು, ಎರಡು ದಿಂಬನ್ನೂ ತಯಾರಿಸಿದೆ.

ಹೊಸದರಲ್ಲಿ ಆ ಹಾಸಿಗೆ ಬಹಳ ಸದ್ದು ಮಾಡುತ್ತಿತ್ತು. ಮಗ್ಗುಲು ಬದಲಾಯಿಸಿದರೆ ಒಣ ತರಗೆಲೆಯ ಮೇಲೆ ಹಸು ನಡೆದ ಹಾಗೆ. ಜಯಮ್ಮ ಮೊದಲ ದಿನ, "ಇದರೊಳಗೆ ಏನದೆ?" ಎಂದು ಕೇಳಿದಳು. "ಬೂರುಗ. ಹೊಸದಲ್ವಾ, ಹಂಗೇ" ಎಂದೆ. ಅವಳು ಹಳ್ಳಿಯ ಹುಡುಗಿ, ಬೂರುಗದ ಮರವನ್ನು ನೋಡಿಯೇ ಬೆಳೆದವಳು. ಆದರೂ ದಿಂಬನ್ನು ಒಮ್ಮೆ ತಟ್ಟಿ ಮಲಗಿಬಿಟ್ಟಳು. ದಿನಾ ಬೆಳಿಗ್ಗೆ ನಾನು, "ಹೆಂಗಿದೆ ಹಾಸಿಗೆ?" ಎಂದು ಕೇಳುವುದು, ಅವಳು, "ಚೆನ್ನಾಗದೆ" ಎನ್ನುವುದು ನಮ್ಮ ಮನೆಯ ಸುಪ್ರಭಾತವಾಯಿತು. ಮಳೆಗಾಲ ಹಿಡಿದ ಮೇಲೆ ಸದ್ದು ತಾನಾಗಿ ನಿಂತಿತು. ಹಾಸಿಗೆ ಪಳಗಿತು ಎಂದು ನಾನು ಹಿಗ್ಗಿದೆ. ಹೊಟ್ಟು ತೇವ ಕುಡಿದು ಮೆತ್ತಗಾಗಿದೆ ಎಂದು ಹೊಳೆಯಲೇ ಇಲ್ಲ.

ಆ ವರ್ಷವೇ ನಮ್ಮ ದೊರೆ ಎಸ್ಟೇಟ್ ಮಾರಿ ತಮ್ಮ ದೇಶಕ್ಕೆ ಹೊರಟರು. ಹೊರಡುವಾಗ ದೊರೆಸಾನಿ ಬಂಗಲೆಯ ಸಾಮಾನುಗಳನ್ನು ನಮಗೆಲ್ಲ ಹಂಚಿದರು. ಆಳುಗಳನ್ನು ನೋಡಿಕೊಳ್ಳುವ ಚಾತು ಮೇಸ್ತ್ರಿ ಬುದ್ಧಿವಂತ, ಏಣಿ ಕೇಳಿದ. ಅಡುಗೆಯವನು ಪಾತ್ರೆ ಕೇಳಿದ. ನಾನು ಹಜಾರದ ಕಿಟಕಿಯ ಪರದೆ ಕೇಳಿದೆ. ಕಂಬಳಿಯಷ್ಟು ದಪ್ಪದ ಬಟ್ಟೆ, ಅದರ ಮೇಲೆ ಎಲೆಕೋಸಿನ ಗಾತ್ರದ ಕೆಂಪು ಗುಲಾಬಿಗಳು. ಒಗೆಯಬಾರದು, ವಾರಕ್ಕೊಮ್ಮೆ ಬ್ರಷ್ಷಿನಿಂದ ಉಜ್ಜಬೇಕು ಎಂದು ದೊರೆಸಾನಿ ಬಟ್ಲರನ ಕೈಲಿ ಹೇಳಿಸಿದರು. ಪರದೆಯ ಉದ್ದ ಎಂಟಡಿ. ನಮ್ಮ ಮಲಗುವ ಕೋಣೆಯ ಕಿಟಕಿ ಎರಡೂವರೆ ಅಡಿ. ಬಿದಿರು ಕಟ್ಟಿ ನೇತುಹಾಕಿದಾಗ ಉಳಿದ ಪರದೆ ನೆಲದ ಮೇಲೆ ರಾಶಿ ಬಿದ್ದಿತು. ಜಯಮ್ಮ ಮೇಲಿಂದ ಕೆಳಗೆ ನೋಡಿ, "ಕಿಟಕಿಗೆ ಸೀರೆ ಉಡಿಸಿದಂಗದೆ. ಸೆರಗು ಸಿಕ್ಕಿಸೋದೊಂದು ಬಾಕಿ" ಎಂದಳು. ಕತ್ತರಿಸಲು ಮಾತ್ರ ನಾನು ಬಿಡಲಿಲ್ಲ. ದೊರೆಯ ಪರದೆಗೆ ಕತ್ತರಿ ಹಾಕುವುದೇ? ಭಾನುವಾರ ಭಾನುವಾರ ಕೋಟಿನ ಬ್ರಷ್ಷು ಹಿಡಿದು ಒಂದೊಂದೇ ಗುಲಾಬಿಯನ್ನು ಉಜ್ಜುತ್ತಾ ಕೂರುತ್ತಿದ್ದೆ. ಆ ಎಸ್ಟೇಟಿನಲ್ಲಿ ಅಷ್ಟು ಆರೈಕೆ ಕಂಡ ಗಿಡ ಇನ್ನೊಂದಿರಲಿಲ್ಲ.

ಜಯಮ್ಮನ ಕೆಮ್ಮು ಶುರುವಾದದ್ದು ಆ ಮಳೆಗಾಲದಲ್ಲಿ. ಮೊದಲು ಬೆಳಗಿನ ಹೊತ್ತು ಒಂದೆರಡು ಸಲ. ಆಮೇಲೆ ಎದ್ದು ಕೂತು, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ. ಎಸ್ಟೇಟ್ ಆಸ್ಪತ್ರೆಯ ಕಾಂಪೌಂಡರು ಕೆಂಪು ಔಷಧಿ ಕೊಟ್ಟು, "ಗಾಳಿ ತಾಗಬಾರದು" ಎಂದರು. ನಾನು ಕಿಟಕಿ ಮುಚ್ಚಿ, ಪರದೆಯ ಎರಡೂ ಅಂಚಿಗೆ ಮೊಳೆ ಹೊಡೆದೆ. ಪೂರ್ವಕ್ಕೆ ಮುಖ ಮಾಡಿದ್ದ ಕಿಟಕಿ ಅದು, ಬಿಸಿಲು ಬರುವ ದಿಕ್ಕು ಅದೊಂದೇ. ಅವಳು ಕಂಬಳಿಗಳನ್ನು ಒಲೆಯ ಮುಂದೆ ಬಿದಿರಿನ ತಟ್ಟಿಯ ಮೇಲೆ ಹರಡಿ ಒಣಗಿಸುತ್ತಿದ್ದಳು, ಆದರೆ ಹಾಸಿಗೆ ಅದರ ಮೇಲೆ ಹಿಡಿಯುತ್ತಿರಲಿಲ್ಲ. ಅವಳ ಕೊರಳೆಲುಬು ಎದ್ದು ಕಾಣತೊಡಗಿತು. ಬಳೆಗಳು ಮೊಣಕೈಯವರೆಗೆ ಜಾರತೊಡಗಿದವು. ಹಾಜರಿ ಕೂಗುವಾಗ ನನಗೆ ಹೆಸರುಗಳು ತಪ್ಪುತ್ತಿದ್ದವು. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಅದನ್ನು ಬೇರೆ ಯಾವ ಮಾತಿನಿಂದಲೂ ಹೇಳಲು ಬರುವುದಿಲ್ಲ.

ನಮ್ಮ ಎಸ್ಟೇಟಿನಲ್ಲಿ ಒಂದು ರೂಢಿಯಿತ್ತು. ಮಳೆ ಹಿಂದೆಗೆದು ಬಿಸಿಲು ಗಟ್ಟಿಯಾದ ಮೇಲೆ, ಕಾಫಿ ಪಿಕಿಂಗ್ ಶುರುವಾಗುವುದಕ್ಕೆ ಮೊದಲು, ಕಾಫಿ ಒಣಗಿಸುವ ಕಣ ಖಾಲಿಯಿರುತ್ತದೆ. ಆ ನಡುವಿನ ಒಂದು ಭಾನುವಾರ ಕಣವನ್ನು ಎಲ್ಲರ ಹಾಸಿಗೆಗಳಿಗೆ ಬಿಟ್ಟುಕೊಡುತ್ತಿದ್ದರು. ಕಂಬಳಿ, ಚಾಪೆ, ಕೌದಿ, ದಿಂಬು ಎಲ್ಲವನ್ನೂ ಸಾಲಾಗಿ ಹರಡಿ, ಕೋಲಿನಿಂದ ಬಡಿದು, ಸಂಜೆ ಬೆಚ್ಚಗೆ ಹೊತ್ತುಕೊಂಡು ಹೋಗುವುದು. ಆ ಭಾನುವಾರ ಹತ್ತಿರ ಬಂದಾಗ ಜಯಮ್ಮ ಮೂರು ಸಲ ಕೇಳಿದಳು, "ನಮ್ಮದನ್ನೂ ಹಾಕನಾ?" ಎಂದು. "ರೈಟರ ಹಾಸಿಗೆ ಲೈನಿನವರ ಎದುರಿಗೆ ಹಾಕೋದಾ? ನನ್ನ ಮರ್ಯಾದೆ ಏನಾಗಬೇಕು?" ಎಂದು ಗದರಿದೆ. ಹೊಲಿಗೆಯ ಸಂದಿಯಿಂದ ಹೊಟ್ಟು ಉದುರುತ್ತಿತ್ತು. ನನ್ನ ಬೂರುಗದ ಕಥೆ ಬಯಲಾಗುತ್ತಿತ್ತು. ಮರ್ಯಾದೆ ಎಂದು ನಾನು ಹೇಳಿದ್ದು ಇದಕ್ಕೆ.

ಅದೇ ವಾರ, ಶುಕ್ರವಾರದ ದಿನ ಮಾವನವರು ಬಂದಿಳಿದರು. ಮೂರು ಬಸ್ಸು ಬದಲಾಯಿಸಿ, ಒಂದು ಚೀಲ ರಾಗಿಹಿಟ್ಟು, ಒಂದು ಹೊಸ ಕರಿಕಂಬಳಿ ಹೊತ್ತು ತಂದಿದ್ದರು. ಮಗಳನ್ನು ನೋಡಿದವರು ಕುಡಿಯಲು ಕೊಟ್ಟ ನೀರಿನ ಚೊಂಬನ್ನು ಹಾಗೇ ಕೆಳಗಿಟ್ಟರು. ಊಟವಾದ ಮೇಲೆ ನನ್ನನ್ನು ಜಗಲಿಗೆ ಕರೆದು, "ಅಳಿಯಂದ್ರೆ, ಭಾನುವಾರದ ಬಸ್ಸಿಗೆ ಇವಳನ್ನ ಕರ್ಕೊಂಡು ಹೋಯ್ತೀನಿ. ವಾಸಿಯಾದ್ರೂ ಇಲ್ಲಿಗೆ ಕಳಿಸಕಿಲ್ಲ. ಇದರ ತಾಯಿನ ನಾನು ಕಂಡಿವ್ನಿ, ಇನ್ನೊಂದು ಸಲ ಕಾಣೋ ಶಕ್ತಿ ನನಗಿಲ್ಲ" ಎಂದರು. ಒಳಗೆ ಜಯಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

ಬಂದ ಹಿರಿಯರಿಗೆ ಮನೆಯ ಒಳ್ಳೆಯ ಹಾಸಿಗೆ ಕೊಡುವುದು ನಮ್ಮಲ್ಲಿ ಪದ್ಧತಿ. ಮಾವನವರಿಗೆ ಕೋಣೆಯ ಮಂಚ ಬಿಟ್ಟುಕೊಟ್ಟೆವು. ಜಯಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಕಿಕೊಂಡಳು, ನಾನು ಜಗಲಿಯಲ್ಲಿ. ಶನಿವಾರ ಬೆಳಿಗ್ಗೆ ಒಳಗಿನಿಂದ ಕೆಮ್ಮು ಕೇಳಿ ಎದ್ದು ಓಡಿದೆ. ಕೆಮ್ಮುತ್ತಿದ್ದವರು ಮಾವನವರು. "ನಿಮ್ಮ ಕಡೆ ಚಳಿ ಕಣ್ರೀ" ಎಂದರು. ಭಾನುವಾರ ಬೆಳಿಗ್ಗೆ ಅದಕ್ಕಿಂತ ಜೋರಾಗಿ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಥೇಟ್ ಮಗಳ ಹಾಗೆಯೇ ಕೆಮ್ಮಿದರು. ಅರವತ್ತು ವರ್ಷ ಹೊಲದ ಕೆಸರಿನಲ್ಲಿ ನಿಂತರೂ ಒಂದು ಸೀನು ಕಾಣದ ಜೀವ ಅದು. ಕೆಮ್ಮು ನಿಂತ ಮೇಲೆ ಅವರು ನನ್ನನ್ನು ನೋಡಲಿಲ್ಲ, ಅಡುಗೆಮನೆಯ ಕಡೆ ತಿರುಗಿ, "ಕೂಸೇ, ಎರಡು ದಿನದಿಂದ ನೀನು ಕೆಮ್ಮಿದ್ದೀಯಾ?" ಎಂದು ಕೇಳಿದರು. ಜಯಮ್ಮ ಬಾಗಿಲಿಗೆ ಬಂದು ನಿಂತು ಯೋಚಿಸಿದಳು. "ಇಲ್ಲ ಕಣಪ್ಪ" ಎಂದಳು.

ಮಾವನವರು ಬಗ್ಗಿ ಹಾಸಿಗೆಗೆ ಮೂಗು ಹಚ್ಚಿದರು. "ಬೂಷ್ಟು ಹಿಡಿದ ಹುಲ್ಲು ತಿಂದ ಎತ್ತು ಹಿಂಗೇ ಕೆಮ್ಮೋದು" ಎಂದವರೇ ಒಂದು ಕಡೆ ತಾವು ಹಿಡಿದು, ಇನ್ನೊಂದು ಕಡೆ ಹಿಡಿಯಲು ನನಗೆ ಕಣ್ಸನ್ನೆ ಮಾಡಿದರು. ಇಡೀ ಎಸ್ಟೇಟಿನ ಹಾಸಿಗೆಗಳು ಹರಡಿಕೊಂಡಿದ್ದ ಕಣಕ್ಕೆ, ಎಲ್ಲರೂ ಕೋಲು ಹಿಡಿದು ನಿಂತಿದ್ದ ಹೊತ್ತಿಗೆ, ರೈಟರ ಹಾಸಿಗೆಯ ಮೆರವಣಿಗೆ ಬಂತು. ದಾರಿಯುದ್ದಕ್ಕೂ ಹೊಟ್ಟು ಉದುರುತ್ತಿತ್ತು. ಕಣದ ನಡುವೆ ಮಲಗಿಸಿ, ಮಾವನವರು ಚಾಕುವಿನಿಂದ ಹೊಲಿಗೆ ಸೀಳಿದರು. ಬೂದು ಬಣ್ಣದ ಧೂಳು ಹೊಗೆಯಂತೆ ಎದ್ದಿತು. ಒಳಗೆ ಹೊಟ್ಟೆಲ್ಲ ಕಪ್ಪಾಗಿ ಮುದ್ದೆಗಟ್ಟಿ, ಬಿಳಿ ಬೂಷ್ಟು ಹಿಡಿದು, ಒಂದು ಮೂಲೆಯಲ್ಲಿ ನಾಲ್ಕು ಅಣಬೆಗಳು ಆರಾಮವಾಗಿ ಬೆಳೆದಿದ್ದವು. ಚಾತು ಮೇಸ್ತ್ರಿ ಮೂಗಿಗೆ ತೋಳು ಅಡ್ಡ ಹಿಡಿದು, "ಅಯ್ಯೋ ರೈಟ್ರೇ, ಇದು ನಮ್ಮ ಕಾಫಿಯಲ್ಲವಾ?" ಎಂದ. ಮಾವನವರು ಒಂದು ಹಿಡಿ ಎತ್ತಿ ನನ್ನ ಮುಂದೆ ಹಿಡಿದರು. "ಇದೇ ಏನಪ್ಪಾ ಬೂರುಗ?"

ಆಗ ಹಿಂದಿನಿಂದ ಒಂದು ಸದ್ದು ಕೇಳಿಸಿತು. ಜಯಮ್ಮ ನೆಲದ ಮೇಲೆ ಕುಳಿತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆ ಎಂದುಕೊಂಡೆ. ನಗುತ್ತಲೇ ಇದ್ದಳು, ಆದರೆ ಅಳುವೂ ಅದರಲ್ಲಿ ಸೇರಿತ್ತು. "ನನಗೆ ಅವ್ವನ ಕಾಯಿಲೆ ಅಂತ್ಲೇ ಅಂದ್ಕೊಂಡಿದ್ದೆ ಕಣಪ್ಪ. ಇವರಿಗೆ ಹೆಂಗೆ ಹೇಳೋದು ಅಂತ ಗೊತ್ತಾಗ್ಲಿಲ್ಲ" ಎಂದಳು. ನಾಲ್ಕು ತಿಂಗಳು ಅವಳು ಸಾವನ್ನು ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು, ಮತ್ತು ದಿನಾ ಬೆಳಿಗ್ಗೆ ನನ್ನ ಹಾಸಿಗೆ ಚೆನ್ನಾಗಿದೆ ಎಂದು ಹೇಳಿದ್ದಳು. ಜನರೆದುರಿಗೆ ಹೆಂಡತಿಯ ಪಕ್ಕ ಕೂರುವುದು ಆ ಕಾಲದಲ್ಲಿ ಯಾರೂ ಮಾಡುವ ಕೆಲಸವಲ್ಲ. ನಾನು ಹೋಗಿ ಕುಳಿತೆ. ಮರ್ಯಾದೆ ಹೇಗೂ ಕಣದ ತುಂಬ ಹಾರಾಡುತ್ತಿತ್ತು.

ಭಾನುವಾರದ ಬಸ್ಸಿಗೆ ಮಾವನವರು ಒಬ್ಬರೇ ಹೋದರು. ಹೊರಡುವಾಗ, "ಮಗಳನ್ನ ಬಿಟ್ಟು ಹೋಯ್ತಾ ಇವ್ನಿ ಅಳಿಯಂದ್ರೆ. ನಿಮ್ಮನ್ನ ನಂಬಿ ಅಲ್ಲ, ಬಿಸಿಲನ್ನ ನಂಬಿ" ಎಂದರು. ಹೊಟ್ಟು ಗೊಬ್ಬರದ ಗುಂಡಿಗೆ ಹೋಯಿತು. ಪರದೆಗೆ ಹೊಡೆದಿದ್ದ ಮೊಳೆಗಳನ್ನು ನಾನೇ ಕಿತ್ತೆ. ಮುಂದಿನ ಬೇಸಿಗೆಯಲ್ಲಿ ಬುಡನ್ ಸಾಬರು ಬಂದು ನಿಜವಾದ ಬೂರುಗ ಹಿಂಜಿ ಹಾಸಿಗೆ ಹೊಲಿದರು. "ಈ ಸಲ ಏನು ತುಂಬಲಿ ರೈಟರ್ ಸಾಬ್, ಮೆಣಸಾ, ಏಲಕ್ಕಿಯಾ?" ಎಂದು ಕೇಳಿದ್ದನ್ನು ಮಾತ್ರ ಮರೆಯಲಾರೆ. ಜಯಮ್ಮನ ಕೆಮ್ಮಂತೂ ಆ ಭಾನುವಾರದಿಂದ ತಿಂಗಳೊಳಗೆ ಪೂರ್ತಿ ಹೋಗಿತ್ತು. ಬಳೆಗಳು ತಮ್ಮ ಜಾಗಕ್ಕೆ ಬಂದು ನಿಂತವು.

ಕಿಟಕಿಗೆ ಆಮೇಲೆ ಏನನ್ನೂ ಕಟ್ಟಲಿಲ್ಲ. ದೊರೆಯ ಪರದೆಯನ್ನು ಜಯಮ್ಮ ನನ್ನ ಕಣ್ಣೆದುರಿಗೇ ಕತ್ತರಿಸಿ, ಕುದಿಯುವ ನೀರಲ್ಲಿ ಒಗೆದು, ಹಳೆಯ ಸೀರೆಗಳ ಮೇಲೆ ಹಾಸಿ ಒಂದು ಕೌದಿ ಹೊಲಿದಳು. ಈಗ ಬೆಳಿಗ್ಗೆ ಆರೂವರೆಗೆ ಬಿಸಿಲು ನೇರ ಬಂದು ನನ್ನ ಕಣ್ಣಿಗೇ ಬೀಳುತ್ತದೆ. "ಈ ಕಿಟಕಿಗೊಂದು ಪರದೆ ಇದ್ದಿದ್ರೆ ಇನ್ನೊಂದು ಗಳಿಗೆ ಮಲಗಬಹುದಿತ್ತು" ಎಂದು ನಾನು ದಿನಾ ಗೊಣಗುತ್ತೇನೆ. "ಪರದೆ ನಿಮ್ಮ ಮೈಮೇಲೇ ಅದೆಯಲ್ಲಾ, ಮಕದ ಮೇಲಕ್ಕೆ ಎಳ್ಕೊಳ್ಳಿ" ಎಂದು ಅಡುಗೆಮನೆಯಿಂದ ಉತ್ತರ ಬರುತ್ತದೆ. ಎಳೆದುಕೊಳ್ಳುತ್ತೇನೆ. ದೊರೆಸಾನಿಯ ಗುಲಾಬಿಯೊಂದು ಸರಿಯಾಗಿ ನನ್ನ ಮೂಗಿನ ಮೇಲೆ ಕೂರುತ್ತದೆ. ಒಳಗಿನ ಕತ್ತಲಲ್ಲಿ ಉಸಿರು ಹಿಡಿದು ಅಡುಗೆಮನೆಯ ಸದ್ದುಗಳನ್ನು ಕೇಳುತ್ತಾ ಇರುತ್ತೇನೆ. ಚೊಂಬು ಇಟ್ಟದ್ದು, ಒಲೆ ಊದಿದ್ದು, ಬಳೆ ಆಡಿದ್ದು. ನಡುವೆ ಒಂದು ಕೆಮ್ಮು ಇಲ್ಲವೆಂದು ಖಾತ್ರಿಯಾದ ಮೇಲೆ, ಬಿಸಿಲನ್ನು ಬೈಯುತ್ತಾ ಏಳುತ್ತೇನೆ.