ಅತ್ತೆ ತೊಟ್ಟ ಇಗ್ಬೊ ಮುಖವಾಡ

ನಮ್ಮ ಸೋದರತ್ತೆಗೆ ಜಗಳವಾಡಲು ಪುಣೆಯ ಯೆರವಡಾದಲ್ಲಿ ಬದುಕಿರುವವರು ಸಾಲದೆ ಹೋದರು. ಹಾಗಾಗಿ ಕಳೆದ ವರ್ಷ ಆಕೆ ನೈಜೀರಿಯಾದಲ್ಲಿ ಸತ್ತವರ ಮೇಲೆ ಜಗಳ ತೆಗೆದಳು! ನಂಬುವುದಿಲ್ಲವೆ? ಕೇಳಿ.

ಅತ್ತೆಯ ಮನೆಯ ಮೇಲಿನ ಕೋಣೆಗೆ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ನೈಜೀರಿಯಾದ ಇಗ್ಬೊ ಜನಾಂಗದವಳು, ಇಲ್ಲಿ ಚಿತ್ರಕಲೆ ಓದುತ್ತಿದ್ದಳು. ಹೆಸರು ಅದಾ. ಅವರ ಭಾಷೆಯಲ್ಲಿ ಹಿರಿಮಗಳು ಎಂದರ್ಥವಂತೆ. ಆದರೆ ಧಾರವಾಡದ ಕಡೆಯವರಾದ ನಮ್ಮ ನಾಲಿಗೆಗೆ ಸಿಕ್ಕ ಮೇಲೆ ಆ ಹೆಸರಿನ ಗತಿ ಏನು ಹೇಳಲಿ! "ಅದಾ ಅದಾಳೇನ?" ಎಂದು ಅತ್ತೆ ಕೆಳಗಿನಿಂದ ಕೂಗಿದರೆ, "ಅದಾ ಅದೀನ್ರಿ ಅತ್ತಿ!" ಎಂದು ಮೇಲಿನಿಂದ ಕೂಗುವಷ್ಟು ಕನ್ನಡವನ್ನು ಹುಡುಗಿ ಬೇಗನೆ ಕಲಿತಳು.

ಒಂದು ದಿನ ಚಹಾ ಕುಡಿಯುತ್ತ ಅದಾ ತನ್ನ ಊರಿನ ಮುಖವಾಡದ ಕುಣಿತದ ಬಗ್ಗೆ ಹಿಂದಿಯಲ್ಲಿ ಹೇಳಿದಳು. ಅಲ್ಲಿ ಮುಖವಾಡ ತೊಟ್ಟವನು ಮನುಷ್ಯನಲ್ಲ, ತಿರುಗಿ ಬಂದ ಹಿರಿಯರ ಆತ್ಮ. ಮನುಷ್ಯರಂತೆ ಮಾತಾಡುವಂತಿಲ್ಲ. ತೊಡುವವರು ಗಂಡಸರು, ಹೆಂಗಸರು ದೂರ ನಿಲ್ಲಬೇಕು. ಕನ್ಯೆಯ ಮುಖವಾಡವನ್ನೂ ಗಂಡಸರೇ ತೊಟ್ಟು ಕುಣಿಯುತ್ತಾರೆ. ಅವನ್ನೆಲ್ಲ ಹೆಂಗಸರೇ ತೊಟ್ಟರೆ? ಅದೇ ಅವಳು ಮಾಡಹೊರಟಿದ್ದ ಕಲಾಪ್ರದರ್ಶನ.

ಅತ್ತೆ ಕಪ್ಪು ಕೆಳಗಿಟ್ಟಳು. "ಅಲ್ಲಾ, ಸತ್ತ ಮ್ಯಾಲೂ ತಿರುಗಿ ಬರೂವರು ಬರೇ ಅಜ್ಜಗೋಳೇನು? ಅಜ್ಜಿಗೋಳೆಲ್ಲಾ ಅಲ್ಲೂ ಅಡಗಿ ಮಾಡ್ಕೋತ ಕುಂತಾವೇನು?"

ಅದಾ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದಳು. ಅಂದೇ ಅತ್ತೆ ಕಲಾವಿದೆಯಾದಳು!

ಮುಖವಾಡಕ್ಕೆ ಲೋಣಾವಳಾದ ಚಿಕ್ಕಿಯ ರಟ್ಟಿನ ಡಬ್ಬಿಗಳು ಬಂದವು. ಕೂದಲಿಗೆ ಕಸಬರಿಗೆ ಬಂತು. ಮೈತುಂಬ ಜೋಲುವ ಬಟ್ಟೆಯ ಪಟ್ಟಿಗಳು ಎಲ್ಲಿಂದ ಬಂದವೆಂಬುದು ಅತ್ತೆಯ ಗಂಡ, ನಮ್ಮ ಮಾಮ, ಸ್ನಾನ ಮುಗಿಸಿ ಬಂದಾಗ ತಿಳಿಯಿತು.

"ನನ್ನ ಧೋತರ ಎಲ್ಲಿ ಅದ?"

"ಅದೀಗ ಧೋತರ ಅಲ್ರಿ, ಕಲಾ."

"ಮತ್ತ ನಾ ಏನು ಉಟ್ಕೊಳ್ಳಿ?"

"ಏನರೆ ಉಟ್ಕೊಳ್ರಿ, ಅದನ್ನ ಮುಟ್ಟಬ್ಯಾಡ್ರಿ. ಬಣ್ಣಾ ಇನ್ನೂ ಹಸಿ ಅದ!"

ತಾಲೀಮಿನ ದಿನ ಇನ್ನೊಂದು ಫಜೀತಿ. ಅತ್ತೆ ಕನ್ನಡಿಯ ಮುಂದೆ ಪೂರ್ತಿ ವೇಷದಲ್ಲಿದ್ದಾಗ ಗ್ಯಾಸ್ ಸಿಲಿಂಡರಿನವನು ಬಾಗಿಲು ಬಡಿದ. ತೆರೆದವಳು ಅತ್ತೆಯಲ್ಲ, ಆತ್ಮ! ಅವನು ಒಂದು ಹೆಜ್ಜೆ ಹಿಂದೆ ಸರಿದ. ಆಮೇಲೆ ಪುಣೆಯವನಲ್ಲವೆ, ಸಾವರಿಸಿಕೊಂಡು "ಓಟಿಪಿ ಸಾಂಗಾ, ಕಾಕೂ" ಎಂದು ಮರಾಠಿಯಲ್ಲಿ ನಂಬರು ಕೇಳಿದ. ಆತ್ಮ ಮಾತಾಡುವಂತಿಲ್ಲವಲ್ಲ! ಒಂದೊಂದೇ ಅಂಕಿಗೆ ಬೆರಳು ಮಡಚಿ ಬಿಡಿಸಿ ತೋರಿಸಿತು. ಗ್ಯಾಸಿಗಾಗಿ ಓಟಿಪಿ ಕೊಟ್ಟ ಪೂರ್ವಿಕರು ಜಗತ್ತಿನಲ್ಲಿ ಬೇರೆ ಯಾರಿದ್ದಾರೆ, ಹೇಳಿ?

ಸುದ್ದಿ ತಳೇಗಾಂವದಲ್ಲಿದ್ದ ನನ್ನ ಅಪ್ಪನಿಗೂ ಮುಟ್ಟಿತು. ಅಪ್ಪ ಅತ್ತೆಯ ತಮ್ಮ. "ಅಕ್ಕಗ ತಲಿ ಕೆಟ್ಟೇದ. ಈ ವಯಸ್ಸಿನ್ಯಾಗ ಮಂದಿ ಮುಂದ ವೇಷಾ ಹಾಕಿ ಕುಣೀತಾಳಂತ! ನಡಿ, ಕರಕೊಂಡ ಬರೂಣು" ಎಂದು ನನ್ನನ್ನೂ ಎಳೆದುಕೊಂಡು ಹೊರಟ.

ಪ್ರದರ್ಶನದ ಅಂಗಳದಲ್ಲಿ ಡೋಲು ಬಡಿಯುತ್ತಿತ್ತು. ಕನ್ಯೆಯ ಬಿಳಿ ಮುಖವಾಡ ತೊಟ್ಟ ಅದಾ ಮುಂದೆ, ಅತ್ತೆ ಹಿಂದೆ. ಅಪ್ಪ ಜನರನ್ನು ಸರಿಸಿ ನೇರ ಅತ್ತೆಯ ಎದುರಿಗೆ ಹೋಗಿ ನಿಂತ. "ಅಕ್ಕಾ, ಸಾಕಿನ್ನ, ನಡಿ ಮನಿಗೆ..." ಎಂದವನು ಮಾತು ಅಲ್ಲೇ ನಿಲ್ಲಿಸಿದ.

ರಟ್ಟಿನ ಆ ಮುಖ ಕನ್ಯೆಯದಾಗಿರಲಿಲ್ಲ. ಹಣೆಯಗಲ ಕುಂಕುಮ, ಎಡಹುಬ್ಬಿನ ಮೇಲೊಂದು ಗಾಯದ ಗೆರೆ, ತುಸು ಉಬ್ಬಿದ ಮುಂದಿನ ಹಲ್ಲು, ಅಪ್ಪನ ಹಲ್ಲಿನ ಹಾಗೆಯೇ. ನನ್ನ ಅಜ್ಜಿ ತೀರಿಕೊಂಡಾಗ ಅಪ್ಪ ಇನ್ನೂ ತೊಟ್ಟಿಲ ಕೂಸು. ಅವಳದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಅವಳ ಮುಖ ನೆನಪಿರುವುದು ಈಗ ಅತ್ತೆಯೊಬ್ಬಳಿಗೇ.

ಅಪ್ಪ ಕೈಯೆತ್ತಿ ಆ ಗಾಯದ ಗೆರೆಯನ್ನು ಬೆರಳಿನಿಂದ ಮುಟ್ಟಿದ.

"ಹಿಂಗಿದ್ದೇನವ್ವಾ ನೀ?"

ಮುಖವಾಡ ತಲೆಯಾಡಿಸಿತು. ಪಟ್ಟಿಗಳೊಳಗಿನ ಸೆರಗಿನ ತುದಿ ಹಿಡಿದು ಅಪ್ಪನ ಕೆನ್ನೆ ಒರೆಸಿತು. ಅರವತ್ತು ದಾಟಿದ ನನ್ನ ಅಪ್ಪ ಅಷ್ಟೊಂದು ಜನರ ನಡುವೆ ಕಣ್ಣು ಮುಚ್ಚಿ, ಇನ್ನೊಂದು ಕೆನ್ನೆಯನ್ನೂ ಮುಂದೆ ಮಾಡಿದ.