ವರ್ಗಕ್ಕೆ ಮೊದಲು ಬಂದವರಿಗೆ ಐನೂರು ರೂಪಾಯಿ

ನಮ್ಮೂರ ಪ್ರೌಢಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ, ಎಳೆಯ ಕೈಗಳಿಗೆ ಗರಿಗರಿ ನೋಟಿನ ರುಚಿ ತೋರಿಸಿದ ಮಹಾದಾನಿಗಳೂ ಆದ ಮಾನ್ಯ ಚನಮಲ್ಲಪ್ಪನವರಲ್ಲಿ, ರಬಕವಿಯ ಸೀರೆ ನೇಕಾರ ರಾಚಪ್ಪನ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ, ಮಕ್ಕಳಿಗೆ ಓದಿನಲ್ಲಿ ಹುರುಪು ಬರಲೆಂದು ಪ್ರತಿ ಕಿರುಪರೀಕ್ಷೆಯಲ್ಲೂ ವರ್ಗಕ್ಕೆ ಮೊದಲು ಬಂದವರಿಗೆ ಐನೂರು ರೂಪಾಯಿ ಕೊಡುವ ತಮ್ಮ ಯೋಜನೆ ಎಂಟನೆಯ ವರ್ಗದ ನನ್ನ ಮೊಮ್ಮಗಳು ಪ್ರೀತಿಗೆ ಎಷ್ಟು ಹಿಡಿಸಿದೆಯೆಂದರೆ, ಸಂಜೆಯಾದರೆ ಕಟ್ಟೆಯ ಮೇಲೆ ಕೂತು ಎದುರುಮನೆ ಯಲ್ಲಕ್ಕನ ಮಗಳು ಶೈಲಾಳಿಗೆ ಗಣಿತ ಹೇಳಿಕೊಡುತ್ತಿದ್ದ ಹುಡುಗಿ ಈಗ ಒಳಗೆ ಚಿಲಕ ಹಾಕಿಕೊಂಡು ಓದುತ್ತಾಳೆ. ಉಳಿದೆಲ್ಲ ವಿಷಯಗಳಲ್ಲಿ ಶೈಲಾಳೇ ಮುಂದು, ಗಣಿತವೊಂದೇ ಆಕೆಗೆ ತೊಡಕು. ಯಾಕವ್ವ ಹೇಳಿಕೊಡುವುದಿಲ್ಲ ಎಂದು ಕೇಳಿದರೆ, “ಆಕಿಗೆ ಗಣಿತ ಬಂತಂದ್ರ ರೊಕ್ಕ ಆಕಿಗೇ ಹೋಗ್ತದಲ್ಲ ಅಜ್ಜಾ” ಎಂದಳು. ಇಷ್ಟು ಚೊಕ್ಕ ವ್ಯವಹಾರಜ್ಞಾನವನ್ನು ನಾನು ಈ ವಯಸ್ಸಿನವರೆಗೂ ಕಲಿಯಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ತಪ್ಪು ನಮ್ಮದೇ ಇರಬೇಕು. ಸೀರೆಗಿಷ್ಟು ಎಂದು ಮಜೂರಿ ಎಣಿಸುವ ಮನೆಯಲ್ಲಿ ಬೆಳೆದ ಕೂಸು, ತಾವು ಬಹುಮಾನವೆಂದು ಕೊಟ್ಟಿದ್ದನ್ನು ಮಜೂರಿಯೆಂದೇ ತಿಳಿದುಕೊಂಡಿತು. ಆದರೆ ಪಕ್ಕದ ಮಗ್ಗದಲ್ಲಿ ಎಳೆ ಹರಿದರೆ ನಮ್ಮ ಮಗ್ಗ ನಿಲ್ಲಿಸಿ, ಎದ್ದುಹೋಗಿ ಗಂಟು ಹಾಕಿಕೊಡುವುದೂ ಇದೇ ಮನೆಯ ವಾಡಿಕೆ, ಮತ್ತು ಅದಕ್ಕೆ ಮಜೂರಿ ಕೇಳಿದವರನ್ನು ನಾನಂತೂ ಕಂಡಿಲ್ಲ. ಕೂಸು ಅದನ್ನು ಯಾಕೆ ಕಲಿಯಲಿಲ್ಲವೆಂದು ನನಗೆ ಬಹಳ ಸಂಕಟವಾಗಿದೆ.

ಆದ್ದರಿಂದ ತಮ್ಮ ಔದಾರ್ಯವನ್ನು ಇನ್ನಷ್ಟು ಹಿಗ್ಗಿಸಬೇಕೆಂದು ಬೇಡಿಕೊಳ್ಳುತ್ತೇನೆ. ಗೆಳತಿಯೊಡನೆ ಮಾತಾಡಿದರೆ ಇಷ್ಟು, ನಕ್ಕರೆ ಇಷ್ಟು, ಅಜ್ಜನಿಗೆ ಒಂದು ತಂಬಿಗೆ ನೀರು ಕೊಟ್ಟರೆ ಇಷ್ಟು ಎಂದು ದರ ಗೊತ್ತುಮಾಡಿ ಶಾಲೆಯ ಫಲಕದಲ್ಲಿ ಹಚ್ಚಿಸಬೇಕು. ಸುದ್ದಿ ಕೇಳಿದ ನನ್ನ ಹೆಂಡತಿ ಇಂದ್ರವ್ವ ಮದುವೆಯಾದಾಗಿನಿಂದ ಬಡಿದ ರೊಟ್ಟಿಗಳ ಮಜೂರಿ ಕೇಳುತ್ತಿದ್ದಾಳೆ. ಅದನ್ನೂ ತಮ್ಮ ಯೋಜನೆಯಲ್ಲೇ ಸೇರಿಸಿಕೊಂಡರೆ ಉಪಕಾರವಾದೀತು, ನನ್ನ ಕೈಲಿ ಆಗುವ ಮಾತಲ್ಲ.

ಯಾವ ಪರೀಕ್ಷೆಯಲ್ಲೂ ಮೊದಲು ಬಾರದೆ ಪುಕ್ಕಟೆಯಾಗಿಯೇ ಉಳಿದ,
ತಮ್ಮ ವಿಶ್ವಾಸಿ
ರಾಚಪ್ಪ

ತಾಜಾ ಕಲಂ: ಸಹಿ ಹಾಕುವಷ್ಟರಲ್ಲಿ ಶೈಲಾ ಬಂದಳು. ತಾಯಿಯ ಜೊತೆ ನೂಲು ಸುತ್ತಿ ಗಳಿಸಿದ ಹತ್ತರ ಎರಡು ನೋಟು ಮುಂದೆ ಹಿಡಿದು, “ಅಜ್ಜಾರ, ಒಂದು ಲೆಕ್ಕ ಹೇಳಿಕೊಡಾಕ ಪ್ರೀತಿ ಎಷ್ಟು ತಗೋತಾಳ, ಕೇಳಿ ಹೇಳ್ರಿ” ಅಂದಳು. ದರ ನನಗೆ ತಿಳಿಯದು, ತಾವೇ ಬೇಗ ತಿಳಿಸಬೇಕು. ಹುಡುಗಿ ಬಾಗಿಲಲ್ಲೇ ನಿಂತಿದ್ದಾಳೆ.