ತೃಪ್ತಿಯ ತೂಕ ಇಳಿಸಿದ್ದು ಯಾರು?

ರತ್ನಾವತಿ: ಇಳಿದದ್ದು ನನ್ನ ಕಷಾಯದಿಂದ. ನೀವು ಎಂತ ಮಾಡಿದ್ದೀರಿ?

ಕಿಟ್ಟಣ್ಣ: ದಿನಾ ಬೈದದ್ದು ಯಾರು ಮಾರಾಯ್ತಿ? ಬೈಯುವುದು ಸುಲಭದ ಕೆಲಸವಾ?

ಮಣಿಪಾಲದ ಕ್ಲಿನಿಕ್ಕಿನಲ್ಲಿ ಗಂಡಹೆಂಡತಿ ಕುರ್ಚಿಯ ತುದಿಗೆ ಬಂದಿದ್ದರು. ನಡುವೆ ಮಗಳು ತೃಪ್ತಿ, ಒಂಬತ್ತನೇ ಕ್ಲಾಸು, ಕಿಟಕಿಯ ಹೊರಗೆ ನೋಡುತ್ತಿದ್ದಳು. ತೂಕ ಹೀಗೇ ಏರಿದರೆ ಈ ವಯಸ್ಸಿಗೇ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಎಚ್ಚರಿಸಿದ್ದರು. ಈ ತಿಂಗಳು ಇಳಿದಿತ್ತು. ಸಂತೋಷಪಡುವ ಮೊದಲು ಆ ಹೆಗ್ಗಳಿಕೆ ಯಾರದೆಂದು ತೀರ್ಮಾನವಾಗಬೇಕಲ್ಲ!

ಮನೆಯಲ್ಲಿ ಮಗಳಿಗೆ ಹೇಗೆ ಹುರುಪು ತುಂಬುತ್ತೀರಿ ಎಂದು ಆಪ್ತಸಲಹೆಗಾರ್ತಿ ಮೆಲಿಷಾ ಕೇಳಿದರು. ಕಾಪುವಿನ ಕಿಟ್ಟಣ್ಣ ಮಲ್ಪೆಯಲ್ಲಿ ಮೀನು ಏಲಂ ಕೂಗುವವನು. ಅದೇ ಗಂಟಲಿನಲ್ಲಿ ವಿವರಿಸಿದ. ತಂಗಿಯ ಮಗಳು ಕಾವ್ಯ ಸಪೂರ ಇದ್ದಾಳಂತೆ, ಅವಳ ಫೋಟೋವನ್ನು ಫ್ರಿಜ್ಜಿಗೆ ಅಂಟಿಸಿದ್ದಾನಂತೆ. ಬಾಗಿಲು ತೆರೆದಾಗಲೆಲ್ಲ ನಾಚಿಕೆ ಆಗಬೇಕಂತೆ.

ರತ್ನಾವತಿ: ಫ್ರಿಜ್ಜು ತೆರೆಯುವುದು ಇವರು ಮೇಡಂ, ಐಸ್‌ಕ್ರೀಮಿಗೆ. ಇವರಿಗೆ ನಾಚಿಕೆ ಇಲ್ಲ.

ಕಿಟ್ಟಣ್ಣ: ನಿನ್ನ ಕಷಾಯದ ಕಥೆ ಹೇಳು. ಪಾಪ, ಕಹಿ ಕುಡಿದಳಲ್ಲ ಅಂತ ಹಿಂದೆಯೇ ಎಣ್ಣೆಯಲ್ಲಿ ಕರಿದ ಗೋಳಿಬಜೆ ಒಂದು ಪ್ಲೇಟು.

ರತ್ನಾವತಿ: ಮತ್ತೆ? ಇನ್ನಂಜೆಯ ನೆಂಟರು ಮದುವೆ ಮನೆಯಲ್ಲಿ ‘ಮಗು ಎಂತ ಇಷ್ಟು ಸಪೂರ, ಮನೆಯಲ್ಲಿ ಊಟ ಇಲ್ವಾ’ ಅಂತ ಕೇಳಿದರೆ ಮರ್ಯಾದೆ ಹೋಗುವುದು ನನ್ನದು.

ಅಂದರೆ ಮಗಳು ತೆಳ್ಳಗಾಗಬೇಕು, ಇನ್ನಂಜೆಯ ನೆಂಟರಿಗೆ ಮಾತ್ರ ಗೊತ್ತಾಗಬಾರದು.

ಮೆಲಿಷಾ ಪೆನ್ನು ಕೆಳಗಿಟ್ಟರು. ಅಷ್ಟು ಹೊತ್ತು ಯಾರಿಗೂ ಹೊಳೆಯದ ಕೆಲಸವೊಂದನ್ನು ಮಾಡಿದರು, ಹುಡುಗಿಯನ್ನೇ ಕೇಳಿದರು.

ಮೆಲಿಷಾ: ನೀನು ಹೇಳು ತೃಪ್ತಿ. ನಿನಗೆ ಯಾವುದರಿಂದ ಸಹಾಯ ಆಯಿತು?

ಅಪ್ಪ ಅಮ್ಮ ಇಬ್ಬರೂ ಬಹುಮಾನಕ್ಕೆ ಕರೆಯುತ್ತಾರೆಂಬಂತೆ ನೆಟ್ಟಗೆ ಕೂತರು.

ತೃಪ್ತಿ: ನಡೆದದ್ದರಿಂದ ಮೇಡಂ. ಸಂಜೆ ಇವರಿಬ್ಬರು ನನ್ನ ತೂಕದ ವಿಷಯ ತೆಗೆಯುತ್ತಾರೆ. ಕೇಳಿದರೆ ಅಳು ಬರುತ್ತದೆ. ಚಪ್ಪಲಿ ಹಾಕಿ ಹೊರಡುತ್ತೇನೆ. ಕಾಪು ಲೈಟ್‌ಹೌಸಿನವರೆಗೆ ಹೋಗಿ ಬಂದರೂ ಇವರ ಜಗಳ ಮುಗಿದಿರುವುದಿಲ್ಲ. ಪುನಃ ಹೋಗುತ್ತೇನೆ.

ಕಿಟ್ಟಣ್ಣ ತಲೆ ತಗ್ಗಿಸಿದ. ರತ್ನಾವತಿ ಸೆರಗಿನಿಂದ ಕಣ್ಣೊತ್ತಿಕೊಂಡಳು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು.

ಕಿಟ್ಟಣ್ಣ: ಕೇಳಿದಿರಲ್ಲ ಮೇಡಂ? ಆ ವಿಷಯ ತೆಗೆಯುವುದು ಯಾವಾಗಲೂ ನಾನು. ಹಾಗಾದರೆ ಇಳಿಸಿದ್ದು ನಾನೇ ಅಲ್ವಾ?

ರತ್ನಾವತಿ: ತೆಗೆದರೆ ಆಯಿತಾ? ಮುಗಿಯಲಿಕ್ಕೆ ಬಿಡದವಳು ನಾನು. ಇಲ್ಲದಿದ್ದರೆ ಲೈಟ್‌ಹೌಸಿನವರೆಗೆ ಹೋಗುತ್ತಿದ್ದಳಾ?

ತೃಪ್ತಿ ಎದ್ದು, ಬಾಗಿಲು ತೆರೆದು ಹೊರಗೆ ನಡೆದಳು. ಈ ಸಲ ಮೆಲಿಷಾ ಕೂಡ ಅವಳ ಹಿಂದೆಯೇ ಹೊರಟರು.